ಹೋಲಿಕೆಯ ಅವಳಿ ಪದಗಳು: ಇಂಗ್ಲಿಷ್ ವ್ಯಾಕರಣ ಪ್ರಶ್ನೆಗಳಲ್ಲಿ ಸರಿಯಾದುದನ್ನು ಆರಿಸುವ ಕ್ರಮ

ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ಭಾಗದಲ್ಲಿ ‘ಎಲ್ಡರ್–ಓಲ್ಡರ್’, ‘ಲೇಟರ್–ಲ್ಯಾಟರ್’, ‘ಫ್ಯೂಅರ್–ಲೆಸ್’, ‘ಫಾರ್ದರ್–ಫರ್ದರ್’ ಎಂಬಂಥ ಜೋಡಿಗಳು ಪದೇ ಪದೇ ಬರುತ್ತವೆ. ಈ ಪದಗಳ ಅರ್ಥ ಅಭ್ಯರ್ಥಿಗಳಿಗೆ ತಿಳಿಯದ್ದೇನೂ ಅಲ್ಲ. ಆದರೂ ಅಂಕ ಹೋಗುತ್ತದೆ. ಹೆಚ್ಚಿನವರು ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು, ಅರ್ಥಕ್ಕೆ ಹೊಂದುವ ಪದವನ್ನು ಆರಿಸುವುದೇ ಇದಕ್ಕೆ ಕಾರಣ. ಅರ್ಥದಲ್ಲಿ ಎರಡೂ ಹೊಂದುವಂತೆಯೇ ಪ್ರಶ್ನೆಯನ್ನು ಹೆಣೆದಿರುತ್ತಾರೆ. ಯಾವುದು ಸರಿ ಎಂದು ತೀರ್ಮಾನಿಸುವ ಸುಳಿವು ಆ ಪದದ ಅಕ್ಕಪಕ್ಕದಲ್ಲಿ ಇರುತ್ತದೆ: ಮುಂದೆ ಬಂದಿರುವುದು ‘ದ್ಯಾನ್’ ಎಂಬುದೋ ‘ಟು’ ಎಂಬುದೋ, ಹೋಲಿಸುತ್ತಿರುವುದು ಎರಡನ್ನೋ ಹೆಚ್ಚನ್ನೋ, ನಾಮಪದ ಎಣಿಕೆಗೆ ಸಿಗುವಂಥದ್ದೋ ಅಲ್ಲವೋ. ಈ ಸುಳಿವುಗಳನ್ನು ಯಾವ ಕ್ರಮದಲ್ಲಿ ನೋಡಿದರೆ ಉತ್ತರ ಬೇಗ ಸಿಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕ್ರಮಕ್ಕೆ ಇಷ್ಟು ಮಹತ್ವ ಏಕೆಂದರೆ ಸಮಯ ಕಡಿಮೆ. ಕೇಂದ್ರ ಸರ್ಕಾರದ ಹುದ್ದೆಗಳಿಗೆ ಪದವೀಧರರನ್ನು ಆರಿಸಲು ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಗಳಿಗೆ 100 ಪ್ರಶ್ನೆಗಳಿದ್ದು, ಅವುಗಳಲ್ಲಿ 25 ಇಂಗ್ಲಿಷಿನವು. ಪ್ರತಿ ಸರಿಯುತ್ತರಕ್ಕೆ 2 ಅಂಕ ಸಿಕ್ಕರೆ, ತಪ್ಪಿಗೆ ಅರ್ಧ ಅಂಕ ಕಳೆಯುತ್ತಾರೆ. ಅಂದರೆ ಒಂದು ಪ್ರಶ್ನೆಗೆ ಸರಾಸರಿ 36 ಸೆಕೆಂಡು. ಗಣಿತಕ್ಕೆ ಸಮಯ ಉಳಿಸಬೇಕಾದವರು ವ್ಯಾಕರಣದ ಪ್ರಶ್ನೆಯನ್ನು ಅದರ ಅರ್ಧ ಸಮಯದಲ್ಲಿ ಮುಗಿಸಬೇಕಾಗುತ್ತದೆ. ಬ್ಯಾಂಕ್ ಪರೀಕ್ಷೆಗಳಲ್ಲಿಯೂ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳ ಸಾಮಾನ್ಯ ಇಂಗ್ಲಿಷ್ ಪತ್ರಿಕೆಯಲ್ಲಿಯೂ ಪ್ರಶ್ನೆಯ ರೂಪ ಬೇರೆಯಾಗಬಹುದು, ಒಳಗಿನ ನಿಯಮಗಳು ಇವೇ.

ಇಲ್ಲಿ ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿರುವುದರಿಂದ, ಓದುವಾಗ ಪಕ್ಕದಲ್ಲಿ ಒಂದು ಹಾಳೆಯನ್ನು ಇಟ್ಟುಕೊಂಡು ಉದಾಹರಣೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಕೆಲವು ಜೋಡಿಗಳಲ್ಲಿ ವ್ಯತ್ಯಾಸವಿರುವುದು ಕಾಗುಣಿತದಲ್ಲೇ.

ಮೊದಲ ಹೆಜ್ಜೆ: ಬಿಟ್ಟ ಸ್ಥಳದ ಬಲಗಡೆ ಏನಿದೆ?

ಕನ್ನಡದಲ್ಲಿ ಹೋಲಿಕೆಗೆ ‘ಗಿಂತ’ ಒಂದೇ ಸಾಕು. ಅಣ್ಣನಿಗಿಂತ ಎತ್ತರ, ಚಹಾಕ್ಕಿಂತ ಕಾಫಿ ಇಷ್ಟ, ನನಗಿಂತ ಸೀನಿಯರ್ ಎಂಬ ಮೂರರಲ್ಲೂ ಪ್ರತ್ಯಯ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ದ್ಯಾನ್’ ಬರುತ್ತದೆ, ಉಳಿದೆರಡಕ್ಕೆ ‘ಟು’ ಬರುತ್ತದೆ. ಆದ್ದರಿಂದ ಬಿಟ್ಟ ಸ್ಥಳದ ಮುಂದಿನ ಒಂದೆರಡು ಪದಗಳನ್ನು ಮೊದಲು ನೋಡಬೇಕು. ಅರ್ಧದಷ್ಟು ಪ್ರಶ್ನೆಗಳು ಇಲ್ಲಿಯೇ ಮುಗಿದುಹೋಗುತ್ತವೆ.

‘ಎಲ್ಡರ್’ ಮತ್ತು ‘ಓಲ್ಡರ್’ ಜೋಡಿಯನ್ನು ತೆಗೆದುಕೊಳ್ಳೋಣ. ಒಂದೇ ಮನೆಯವರಿಗೆ ‘ಎಲ್ಡರ್’, ಮಿಕ್ಕವರಿಗೆ ಮತ್ತು ವಸ್ತುಗಳಿಗೆ ‘ಓಲ್ಡರ್’ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಈ ಮಾತು ನಿಜ, ಆದರೆ ಅರ್ಧ ಮಾತ್ರ. ಉಳಿದರ್ಧ ಏನೆಂದರೆ, ‘ಎಲ್ಡರ್’ ಪದದ ಮುಂದೆ ‘ದ್ಯಾನ್’ ಬರುವುದಿಲ್ಲ. ಅದು ನಾಮಪದಕ್ಕೆ ಅಂಟಿಕೊಂಡು ಬರುತ್ತದೆ: ‘ಮೈ ಎಲ್ಡರ್ ಸಿಸ್ಟರ್’, ‘ಹಿಸ್ ಎಲ್ಡರ್ ಸನ್’. ಅಥವಾ ‘ದಿ’ ಸೇರಿಸಿಕೊಂಡು ‘ದಿ ಎಲ್ಡರ್ ಆಫ್ ದಿ ಟೂ ಬ್ರದರ್ಸ್’ ಎಂದು ಬರುತ್ತದೆ. ಪರೀಕ್ಷೆಯಲ್ಲಿ ಕೇಳುವ ವಾಕ್ಯ ಸಾಮಾನ್ಯವಾಗಿ ಹೀಗಿರುತ್ತದೆ: ‘ಮೈ ಬ್ರದರ್ ಈಸ್ ಡ್ಯಾಶ್ ದ್ಯಾನ್ ಮಿ ಬೈ ತ್ರೀ ಇಯರ್ಸ್’. ಅಣ್ಣ ಮನೆಯವನೇ ಆಗಿರುವುದರಿಂದ ಅರ್ಧ ನಿಯಮ ಕಲಿತವರ ಕೈ ‘ಎಲ್ಡರ್’ ಕಡೆಗೆ ಹೋಗುತ್ತದೆ. ಬಲಗಡೆಯ ‘ದ್ಯಾನ್’ ನೋಡಿದವರು ‘ಓಲ್ಡರ್’ ಎಂದು ಗುರುತಿಸುತ್ತಾರೆ. ‘ಎಲ್ಡೆಸ್ಟ್’ ಮತ್ತು ‘ಓಲ್ಡೆಸ್ಟ್’ ವಿಷಯದಲ್ಲಿ ‘ದ್ಯಾನ್’ ಪ್ರಶ್ನೆಯೇ ಏಳುವುದಿಲ್ಲವಾದ್ದರಿಂದ ಅಲ್ಲಿ ಕುಟುಂಬದ ನಿಯಮ ಮಾತ್ರ ಸಾಕು: ಮನೆಯ ಹಿರಿಮಗಳು ‘ದಿ ಎಲ್ಡೆಸ್ಟ್ ಡಾಟರ್’, ಊರಿನ ಹಳೆಯ ಮರ ‘ದಿ ಓಲ್ಡೆಸ್ಟ್ ಟ್ರೀ’.

‘ಹಿ ಈಸ್ ಎಲ್ಡರ್ ಟು ಮಿ’ ಎಂಬ ಪ್ರಯೋಗ ನಮ್ಮ ದೇಶದಲ್ಲಿ ತುಂಬ ಚಾಲ್ತಿಯಲ್ಲಿದೆ. ‘ಸೀನಿಯರ್ ಟು’ ಮಾದರಿಯಲ್ಲಿ ಹುಟ್ಟಿಕೊಂಡ ಮಾತಿದು ಎಂದು ತೋರುತ್ತದೆ. ಮಾತಿನಲ್ಲಿ ಇದನ್ನು ತಪ್ಪೆಂದು ಎತ್ತಿ ಆಡುವುದು ನನಗೆ ಅನಗತ್ಯವೆನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ‘ಓಲ್ಡರ್ ದ್ಯಾನ್’ ಎಂಬ ಆಯ್ಕೆ ಜೊತೆಗಿದ್ದರೆ ಅದನ್ನೇ ಆರಿಸಬೇಕು, ಏಕೆಂದರೆ ಶಿಷ್ಟ ಬರಹದ ಇಂಗ್ಲಿಷ್ ಒಪ್ಪುವುದು ಅದನ್ನೇ.

‘ಟು’ ಬೇಡುವ ಪದಗಳು ಕೈಬೆರಳೆಣಿಕೆಯಷ್ಟು: ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’, ‘ಇನ್ಫೀರಿಯರ್’, ‘ಪ್ರಯರ್’, ಅಪರೂಪಕ್ಕೆ ‘ಆ್ಯಂಟೀರಿಯರ್’ ಮತ್ತು ‘ಪೋಸ್ಟೀರಿಯರ್’. ಇವು ಲ್ಯಾಟಿನ್ ಭಾಷೆಯಿಂದ ಬರುವಾಗಲೇ ಹೋಲಿಕೆಯ ರೂಪದಲ್ಲಿ ಬಂದಿವೆ. ಹಾಗಾಗಿ ಇವುಗಳ ಹಿಂದೆ ಇನ್ನೊಂದು ‘ಮೋರ್’ ಸೇರಿಸುವುದೂ ತಪ್ಪು, ಮುಂದೆ ‘ದ್ಯಾನ್’ ಹಾಕುವುದೂ ತಪ್ಪು. ‘ದಿಸ್ ಕ್ಲಾತ್ ಈಸ್ ಮೋರ್ ಸುಪೀರಿಯರ್ ದ್ಯಾನ್ ದ್ಯಾಟ್’ ಎಂಬ ವಾಕ್ಯದಲ್ಲಿ ಎರಡೂ ತಪ್ಪುಗಳಿವೆ. ‘ಇಂಟೀರಿಯರ್’, ‘ಎಕ್ಸ್‌ಟೀರಿಯರ್’, ‘ಮೇಜರ್’, ‘ಮೈನರ್’ ಕೂಡ ಅದೇ ಮೂಲದವು. ಆದರೆ ಇಂದು ಅವು ಸಾಮಾನ್ಯ ವಿಶೇಷಣಗಳಾಗಿರುವುದರಿಂದ ಅವುಗಳ ಮುಂದೆ ಹೋಲಿಕೆಯ ‘ದ್ಯಾನ್’ ಆಗಲಿ ‘ಟು’ ಆಗಲಿ ಬರುವುದಿಲ್ಲ.

‘ಪ್ರಿಫರ್’ ಕ್ರಿಯಾಪದವೂ ಅದರಿಂದಾದ ‘ಪ್ರಿಫರಬಲ್’ ವಿಶೇಷಣವೂ ‘ಟು’ ಗುಂಪಿನವೇ: ‘ಐ ಪ್ರಿಫರ್ ಕಾಫಿ ಟು ಟೀ’, ‘ಶಿ ಪ್ರಿಫರ್ಸ್ ವಾಕಿಂಗ್ ಟು ಸೈಕ್ಲಿಂಗ್’. ಇಲ್ಲೊಂದು ತಿರುವು ಇದೆ. ‘ಪ್ರಿಫರ್’ ಮುಂದೆ ‘ಟು ವಾಕ್’ ಎಂಬಂತೆ ‘ಟು’ ಕೂಡಿದ ಕ್ರಿಯಾರೂಪ ಬಂದರೆ, ಎರಡನೆಯ ಭಾಗಕ್ಕೆ ಮತ್ತೆ ‘ಟು’ ಹಾಕಿ ಹೋಲಿಸಲಾಗದು. ಅಲ್ಲಿ ‘ರಾದರ್ ದ್ಯಾನ್’ ಬರುತ್ತದೆ: ‘ಶಿ ಪ್ರಿಫರ್ಸ್ ಟು ವಾಕ್ ರಾದರ್ ದ್ಯಾನ್ ಟೇಕ್ ಎ ಬಸ್’. ‘ಪ್ರಿಫರ್’ ಕಂಡೊಡನೆ ಕಣ್ಣು ಮುಚ್ಚಿ ‘ಟು’ ಎಂದು ಗುರುತು ಹಾಕುವವರಿಗಾಗಿಯೇ ಇಂಥ ಪ್ರಶ್ನೆ ಸಿದ್ಧವಾಗಿರುತ್ತದೆ.

ಇದಕ್ಕೆ ವಿರುದ್ಧವಾಗಿ, ‘ದ್ಯಾನ್’ ಕಡ್ಡಾಯವಾಗಿರುವ ಕೆಲವು ಕಡೆಗಳೂ ಇವೆ. ‘ಅದರ್’, ‘ರಾದರ್’ ಪದಗಳ ಮುಂದೆಯೂ ‘ನೋ ಸೂನರ್’ ಎಂಬುದರ ಜೊತೆಗೂ ‘ದ್ಯಾನ್’ ಬರಬೇಕು. ‘ಸೂನರ್’ ಎಂಬುದು ‘ಸೂನ್’ ಪದದ ಹೋಲಿಕೆಯ ರೂಪ ಎಂಬುದನ್ನು ಗಮನಿಸಿದರೆ ಇದು ಉರು ಹೊಡೆಯಬೇಕಾದ ನಿಯಮವಾಗಿ ಉಳಿಯುವುದಿಲ್ಲ. ಅರ್ಥದಲ್ಲಿ ಅದರದೇ ಜೋಡಿಯಂತಿರುವ ‘ಹಾರ್ಡ್ಲಿ’ ಮತ್ತು ‘ಸ್ಕೇರ್ಸ್ಲಿ’ ಹೋಲಿಕೆಯ ರೂಪಗಳಲ್ಲ. ಅವುಗಳಿಗೆ ‘ವೆನ್’ ಬರುತ್ತದೆ. ‘ನೋ ಸೂನರ್ ಡಿಡ್ ದಿ ಬೆಲ್ ರಿಂಗ್ ದ್ಯಾನ್’ ಎಂಬುದೂ ‘ಹಾರ್ಡ್ಲಿ ಹ್ಯಾಡ್ ದಿ ಬೆಲ್ ರಂಗ್ ವೆನ್’ ಎಂಬುದೂ ಸರಿ. ಇವುಗಳನ್ನು ಅದಲುಬದಲು ಮಾಡಿದರೆ ತಪ್ಪು.

‘ದ್ಯಾನ್’ ಮತ್ತು ‘ದೆನ್’ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಹೋಲಿಕೆಯದರಲ್ಲಿ ‘ಎ’, ಕಾಲವನ್ನು ಸೂಚಿಸುವುದರಲ್ಲಿ ‘ಇ’. ದೋಷ ಗುರುತಿಸುವ ಪ್ರಶ್ನೆಯಲ್ಲಿ ಈ ಒಂದು ಅಕ್ಷರವನ್ನು ಕಣ್ಣು ಸುಲಭವಾಗಿ ಹಾರಿಸಿಬಿಡುತ್ತದೆ. ಆದ್ದರಿಂದ ವಾಕ್ಯದಲ್ಲಿ ‘ಮೋರ್’ ಅಥವಾ ‘ಬೆಟರ್’ ಕಂಡಾಗ ಮುಂದಿನ ಪದದ ಕಾಗುಣಿತವನ್ನು ಬೇಕೆಂದೇ ಓದಬೇಕು.

ಸಮಾನತೆ ಹೇಳುವ ‘ಆ್ಯಸ್’ ಯಾವಾಗಲೂ ಜೋಡಿಯಾಗಿ ಬರುತ್ತದೆ: ‘ಆ್ಯಸ್ ಟಾಲ್ ಆ್ಯಸ್’. ನಿಷೇಧ ವಾಕ್ಯದಲ್ಲಿ ‘ನಾಟ್ ಸೋ ಟಾಲ್ ಆ್ಯಸ್’ ಎಂದೇ ಬರೆಯಬೇಕೆಂದು ಹಳೆಯ ವ್ಯಾಕರಣಗಳು ಹೇಳುತ್ತಿದ್ದವು. ಈಗ ‘ನಾಟ್ ಆ್ಯಸ್ ಟಾಲ್ ಆ್ಯಸ್’ ಕೂಡ ಸರಿ. ಎರಡು ಬಗೆಯ ಹೋಲಿಕೆಗಳನ್ನು ಒಂದೇ ವಾಕ್ಯದಲ್ಲಿ ಸೇರಿಸಿದಾಗ ಮಾತ್ರ ಎಚ್ಚರ ಬೇಕು. ‘ಶಿ ಈಸ್ ಆ್ಯಸ್ ಗುಡ್, ಇಫ್ ನಾಟ್ ಬೆಟರ್ ದ್ಯಾನ್, ಹರ್ ಸಿಸ್ಟರ್’ ಎಂಬಲ್ಲಿ ಮೊದಲ ಹೋಲಿಕೆಯ ಎರಡನೆಯ ‘ಆ್ಯಸ್’ ಕಳೆದುಹೋಗಿದೆ. ‘ಆ್ಯಸ್ ಗುಡ್ ಆ್ಯಸ್, ಇಫ್ ನಾಟ್ ಬೆಟರ್ ದ್ಯಾನ್’ ಎಂದಾಗಬೇಕು. ನಡುವಿನ ಅಲ್ಪವಿರಾಮಗಳೊಳಗಿನ ಭಾಗವನ್ನು ಬೆರಳಿನಿಂದ ಮುಚ್ಚಿ ಓದಿದರೆ ಕೊರತೆ ತಕ್ಷಣ ಕಾಣುತ್ತದೆ.

ಎರಡನೆಯ ಹೆಜ್ಜೆ: ಎಷ್ಟನ್ನು ಹೋಲಿಸಲಾಗುತ್ತಿದೆ?

ಬಲಗಡೆಯಲ್ಲಿ ಸುಳಿವು ಸಿಗದಿದ್ದರೆ, ಹೋಲಿಕೆಗೆ ಒಳಗಾದವರನ್ನು ಅಥವಾ ವಸ್ತುಗಳನ್ನು ಎಣಿಸಬೇಕು. ಎರಡಿದ್ದರೆ ಕಂಪ್ಯಾರಿಟಿವ್ ರೂಪ, ಮೂರು ಅಥವಾ ಹೆಚ್ಚಿದ್ದರೆ ಸೂಪರ್ಲೇಟಿವ್ ರೂಪ. ‘ದಿ ಟಾಲರ್ ಆಫ್ ದಿ ಟೂ’, ‘ದಿ ಟಾಲೆಸ್ಟ್ ಆಫ್ ದಿ ತ್ರೀ’. ಕಂಪ್ಯಾರಿಟಿವ್ ರೂಪಕ್ಕೆ ಸಾಮಾನ್ಯವಾಗಿ ‘ದಿ’ ಬರುವುದಿಲ್ಲವೆಂದು ಕಲಿತವರು ‘ಆಫ್ ದಿ ಟೂ’ ಇರುವ ವಾಕ್ಯದಲ್ಲಿ ‘ದಿ’ ಕೈಬಿಡುತ್ತಾರೆ. ಅಲ್ಲಿ ಅದು ಬೇಕೇ ಬೇಕು. ಇಂಗ್ಲಿಷರು ಮಾತಿನಲ್ಲಿ ‘ದಿ ಬೆಸ್ಟ್ ಆಫ್ ದಿ ಟೂ’ ಎನ್ನುವುದುಂಟು, ಪ್ರಶ್ನೆಪತ್ರಿಕೆ ಒಪ್ಪುವುದು ‘ಬೆಟರ್’ ಪದವನ್ನು ಮಾತ್ರ.

‘ಲ್ಯಾಟರ್’ ಪದದ ಕೀಲಿಯೂ ಎಣಿಕೆಯಲ್ಲೇ ಇದೆ. ಒಂದೇ ‘ಟಿ’ ಇರುವ ‘ಲೇಟರ್’ ಕಾಲಕ್ಕೆ ಸಂಬಂಧಿಸಿದ್ದು. ಎರಡು ‘ಟಿ’ ಇರುವ ‘ಲ್ಯಾಟರ್’ ಹೇಳಿದ ಎರಡರಲ್ಲಿ ಎರಡನೆಯದು, ‘ಫಾರ್ಮರ್’ ಎಂಬುದರ ಜೋಡಿ. ಎರಡೂ ಒಂದೇ ವಾಕ್ಯದಲ್ಲಿ ಬರುವ ಉದಾಹರಣೆಯನ್ನು ನೋಡಬಹುದು. ಕುವೆಂಪು ಅವರಿಗೆ 1967ರ ಜ್ಞಾನಪೀಠ ಪ್ರಶಸ್ತಿ, ಬೇಂದ್ರೆಯವರಿಗೆ 1973ರ ಪ್ರಶಸ್ತಿ ಸಂದಿತು. ‘ಕುವೆಂಪು ಆ್ಯಂಡ್ ಬೇಂದ್ರೆ ಬೋತ್ ವನ್ ದಿ ಅವಾರ್ಡ್, ದಿ ಲ್ಯಾಟರ್ ಸಿಕ್ಸ್ ಇಯರ್ಸ್ ಲೇಟರ್.’ ಇದೇ ವಾಕ್ಯಕ್ಕೆ 1977ರ ಪ್ರಶಸ್ತಿ ಪಡೆದ ಶಿವರಾಮ ಕಾರಂತರನ್ನೂ ಸೇರಿಸಿದರೆ ಹೆಸರುಗಳು ಮೂರಾಗುತ್ತವೆ. ಆಗ ಕಾರಂತರನ್ನು ‘ದಿ ಲ್ಯಾಟರ್’ ಎನ್ನಲಾಗದು, ‘ದಿ ಲಾಸ್ಟ್’ ಎನ್ನಬೇಕು. ದೋಷ ಗುರುತಿಸುವ ಪ್ರಶ್ನೆಗಳಲ್ಲಿ ಮೂರು ಹೆಸರುಗಳ ಪಟ್ಟಿ ಕೊಟ್ಟು ಕೊನೆಗೆ ‘ಲ್ಯಾಟರ್’ ಇಡುವುದು ಹಳೆಯ ಉಪಾಯ.

‘ಲೇಟೆಸ್ಟ್’ ಮತ್ತು ‘ಲಾಸ್ಟ್’ ನಡುವಿನ ಭೇದವೂ ಕಾಲ ಮತ್ತು ಸ್ಥಾನದ್ದೇ. ‘ಲೇಟೆಸ್ಟ್’ ಎಂದರೆ ಈವರೆಗೆ ಬಂದುದರಲ್ಲಿ ಹೊಸದು, ಮುಂದೆ ಇನ್ನೂ ಬರಬಹುದು. ‘ಲಾಸ್ಟ್’ ಎಂದರೆ ಸಾಲಿನ ಕೊನೆಯದು, ಅಥವಾ ಇದಕ್ಕೂ ಹಿಂದಿನದು. ಸುದ್ದಿ ಮತ್ತು ಫ್ಯಾಷನ್ನಿಗೆ ‘ಲೇಟೆಸ್ಟ್’. ರಾತ್ರಿಯ ಕೊನೆಯ ಬಸ್ಸು ಮತ್ತು ಪುಸ್ತಕದ ಕೊನೆಯ ಅಧ್ಯಾಯಕ್ಕೆ ‘ಲಾಸ್ಟ್’. ಬದುಕಿದ್ದು ಬರೆಯುತ್ತಿರುವ ಲೇಖಕರ ಹೊಸ ಕಾದಂಬರಿಯನ್ನು ‘ಹಿಸ್ ಲೇಟೆಸ್ಟ್ ನಾವೆಲ್’ ಎನ್ನುವುದು ಸರಿ, ‘ಲಾಸ್ಟ್’ ಎಂದರೆ ಅವರು ಇನ್ನು ಬರೆಯುವುದಿಲ್ಲ ಎಂಬ ಧ್ವನಿ ಬಂದುಬಿಡುತ್ತದೆ.

ಮೂರನೆಯ ಹೆಜ್ಜೆ: ನಾಮಪದ ಎಂಥದ್ದು?

‘ಫ್ಯೂಅರ್’ ಮತ್ತು ‘ಲೆಸ್’ ಪ್ರಶ್ನೆಯಲ್ಲಿ ನಾಮಪದವೇ ನಿರ್ಣಾಯಕ. ಎಣಿಸಬಹುದಾದ ಬಹುವಚನಕ್ಕೆ ‘ಫ್ಯೂಅರ್’: ‘ಫ್ಯೂಅರ್ ಸ್ಟೂಡೆಂಟ್ಸ್’, ‘ಫ್ಯೂಅರ್ ಮಿಸ್ಟೇಕ್ಸ್’. ಎಣಿಸಲಾಗದ್ದಕ್ಕೆ ‘ಲೆಸ್’: ‘ಲೆಸ್ ವಾಟರ್’, ‘ಲೆಸ್ ಟ್ರಾಫಿಕ್’. ನಿಯಮ ಸರಳವಾಗಿದ್ದರೂ, ಯಾವುದನ್ನು ಎಣಿಸಬಹುದು ಎಂಬಲ್ಲಿ ಕನ್ನಡಿಗರಿಗೆ ತೊಡಕು. ನಾವು ನಾಲ್ಕು ಸಲಹೆ, ಎರಡು ಮಾಹಿತಿ ಎಂದು ಸಲೀಸಾಗಿ ಎಣಿಸುತ್ತೇವೆ. ಇಂಗ್ಲಿಷಿನಲ್ಲಿ ‘ಅಡ್ವೈಸ್’, ‘ಇನ್ಫರ್ಮೇಷನ್’, ‘ಫರ್ನಿಚರ್’, ‘ಲಗೇಜ್’, ‘ಎಕ್ವಿಪ್‌ಮೆಂಟ್’, ‘ಹೋಂವರ್ಕ್’, ‘ಸೀನರಿ’ ಎಂಬ ಪದಗಳಿಗೆ ಬಹುವಚನವೇ ಇಲ್ಲವಾದ್ದರಿಂದ ಅವೆಲ್ಲಕ್ಕೂ ‘ಲೆಸ್’. ಈ ಏಳೆಂಟು ಪದಗಳನ್ನು ಬಾಯಿಪಾಠ ಮಾಡಿಕೊಳ್ಳುವುದು ಸಾರ್ಥಕ. ಬಹುವಚನದ ‘ಎಸ್’ ಇಲ್ಲದಿದ್ದರೂ ‘ಪೀಪಲ್’ ಮತ್ತು ‘ಚಿಲ್ಡ್ರನ್’ ಬಹುವಚನಗಳೇ ಆಗಿರುವುದರಿಂದ ಅವುಗಳಿಗೆ ‘ಫ್ಯೂಅರ್’.

ಹಣ, ಕಾಲ, ದೂರ, ತೂಕ ಇವುಗಳ ಜೊತೆ ಸಂಖ್ಯೆ ಬಂದಾಗ ನಿಯಮ ತಿರುಗುತ್ತದೆ. ‘ಲೆಸ್ ದ್ಯಾನ್ ಫಿಫ್ಟಿ ರುಪೀಸ್’, ‘ಲೆಸ್ ದ್ಯಾನ್ ಟೆನ್ ಕಿಲೋಮೀಟರ್ಸ್’, ‘ಲೆಸ್ ದ್ಯಾನ್ ಟೂ ಅವರ್ಸ್’ ಸರಿ. ರೂಪಾಯಿಯೂ ಕಿಲೋಮೀಟರೂ ಎಣಿಕೆಗೆ ಸಿಗುತ್ತವೆ ನಿಜ, ಆದರೆ ಇಲ್ಲಿ ಹೇಳುತ್ತಿರುವುದು ಐವತ್ತು ಬಿಡಿ ನಾಣ್ಯಗಳ ಮಾತಲ್ಲ, ಒಟ್ಟು ಮೊತ್ತದ ಮಾತು. ‘ಫ್ಯೂಅರ್’ ನಿಯಮವನ್ನು ಗಟ್ಟಿಯಾಗಿ ಕಲಿತವರೇ ಇಲ್ಲಿ ಹೆಚ್ಚು ಎಡವುವುದು.

ಇನ್ನೊಂದು ಸೂಕ್ಷ್ಮ: ‘ಲೆಸ್’ ನಾಮಪದಕ್ಕೆ ಸೇರದೆ ನಡುವಿನ ವಿಶೇಷಣಕ್ಕೆ ಸೇರಿರಬಹುದು. ‘ಲೆಸ್ ಎಕ್ಸ್‌ಪೆನ್ಸಿವ್ ಬುಕ್ಸ್’ ಎಂದರೆ ಬೆಲೆ ಕಡಿಮೆ ಇರುವ ಪುಸ್ತಕಗಳು. ‘ಫ್ಯೂಅರ್ ಎಕ್ಸ್‌ಪೆನ್ಸಿವ್ ಬುಕ್ಸ್’ ಎಂದರೆ ದುಬಾರಿ ಪುಸ್ತಕಗಳ ಸಂಖ್ಯೆ ಕಡಿಮೆ. ಎರಡೂ ವ್ಯಾಕರಣದ ಪ್ರಕಾರ ಸರಿಯಾಗಿರುವುದರಿಂದ ಇಂಥ ಕಡೆ ಮಾತ್ರ ವಾಕ್ಯದ ಉಳಿದ ಭಾಗದ ಅರ್ಥವನ್ನು ನೋಡಿ ತೀರ್ಮಾನಿಸಬೇಕು. ‘ಲೆಸರ್’ ಎಂಬ ಮೂರನೆಯ ರೂಪವೂ ಆಯ್ಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಮಹತ್ವದಲ್ಲಿ ಅಥವಾ ತೀವ್ರತೆಯಲ್ಲಿ ಕಡಿಮೆ ಎಂಬರ್ಥದ್ದು, ‘ದಿ ಲೆಸರ್ ಆಫ್ ಟೂ ಈವಿಲ್ಸ್’ ಎಂಬಂತೆ. ‘ಎಲ್ಡರ್’ ಹಾಗೆಯೇ ಇದರ ಮುಂದೆಯೂ ‘ದ್ಯಾನ್’ ಬರುವುದಿಲ್ಲ.

‘ಫ್ಯೂಅರ್’ ನಿಯಮದ ಹಿನ್ನೆಲೆ ಸ್ವಾರಸ್ಯಕರವಾಗಿದೆ. 1770ರಲ್ಲಿ ಪ್ರಕಟವಾದ ಒಂದು ಪುಸ್ತಕದಲ್ಲಿ, ಎಣಿಸುವ ವಸ್ತುಗಳಿಗೆ ‘ಫ್ಯೂಅರ್’ ಹೆಚ್ಚು ಸೊಗಸೆಂದು ತನಗೆ ತೋರುತ್ತದೆ ಎಂದು ಲೇಖಕನೊಬ್ಬ ಬರೆದ. ಆ ಅಭಿರುಚಿಯ ಮಾತು ಕಾಲಾಂತರದಲ್ಲಿ ಕಟ್ಟುನಿಟ್ಟಿನ ನಿಯಮವಾಯಿತು. ಅಂಗಡಿಗಳ ಫಲಕಗಳಿಗೂ ಅದರ ಬಿಸಿ ತಟ್ಟಿತು. ಬ್ರಿಟನ್ನಿನ ಟೆಸ್ಕೊ ಮಳಿಗೆಗಳಲ್ಲಿ ‘10 ಐಟಮ್ಸ್ ಆರ್ ಲೆಸ್’ ಎಂಬ ಫಲಕಕ್ಕೆ ವ್ಯಾಕರಣಪ್ರಿಯರು ಆಕ್ಷೇಪ ಎತ್ತುತ್ತಿದ್ದುದರಿಂದ, 2008ರಲ್ಲಿ ಅದರ ಬದಲು ‘ಅಪ್ ಟು 10 ಐಟಮ್ಸ್’ ಎಂದು ಬರೆಸಲು ಸಂಸ್ಥೆ ತೀರ್ಮಾನಿಸಿತು. ಪರೀಕ್ಷೆಯ ಮಟ್ಟಿಗೆ ಹೇಳುವುದಾದರೆ, ಆಕ್ಷೇಪ ಎತ್ತಿದವರ ಪಕ್ಷದಲ್ಲಿ ನಿಲ್ಲುವುದೇ ಕ್ಷೇಮ.

‘ನಂಬರ್’ ಮತ್ತು ‘ಅಮೌಂಟ್’, ‘ಮೆನಿ’ ಮತ್ತು ‘ಮಚ್’ ಜೋಡಿಗಳಿಗೂ ಇದೇ ಎಣಿಕೆಯ ಪರೀಕ್ಷೆ ಸಾಕು. ‘ನಿಯರೆಸ್ಟ್’ ದೂರವನ್ನು ಹೇಳುತ್ತದೆ, ‘ನೆಕ್ಸ್ಟ್’ ಸರದಿಯನ್ನು: ಹತ್ತಿರದ ಆಸ್ಪತ್ರೆ ‘ನಿಯರೆಸ್ಟ್’, ಮುಂದಿನ ನಿಲ್ದಾಣ ‘ನೆಕ್ಸ್ಟ್’.

‘ಫಾರ್ದರ್’ ಮತ್ತು ‘ಫರ್ದರ್’ ವಿಷಯದಲ್ಲಿ ಪ್ರಶ್ನೆಪತ್ರಿಕೆಗೂ ಬಳಕೆಗೂ ಸ್ವಲ್ಪ ಅಂತರವಿದೆ. ಅಳೆಯಬಹುದಾದ ದೂರಕ್ಕೆ ‘ಫಾರ್ದರ್’, ಹೆಚ್ಚಿನ ಎಂಬರ್ಥಕ್ಕೆ ‘ಫರ್ದರ್’ ಎಂಬುದು ಪುಸ್ತಕದ ನಿಯಮ. ಬ್ರಿಟಿಷ್ ಬಳಕೆಯಲ್ಲಿ ದೂರಕ್ಕೂ ‘ಫರ್ದರ್’ ಧಾರಾಳವಾಗಿ ಬರುತ್ತದೆ. ಇದರ ಪರಿಣಾಮವಾಗಿ ಪರೀಕ್ಷೆಯಲ್ಲಿ ಎರಡು ಸನ್ನಿವೇಶಗಳನ್ನು ಬೇರೆ ಬೇರೆಯಾಗಿ ಕಾಣಬೇಕು. ಬಿಟ್ಟ ಸ್ಥಳದ ಪ್ರಶ್ನೆಯಲ್ಲಿ ಎರಡೂ ಆಯ್ಕೆಗಳಿದ್ದು ಮಾತು ದೂರದ್ದಾದರೆ ‘ಫಾರ್ದರ್’ ಆರಿಸಬೇಕು. ದೋಷ ಗುರುತಿಸುವ ಪ್ರಶ್ನೆಯಲ್ಲಿ ದೂರಕ್ಕೆ ‘ಫರ್ದರ್’ ಬಳಸಿದ್ದರೆ, ಅದನ್ನೇ ದೋಷವೆಂದು ಹಿಡಿಯುವ ಮುನ್ನ ವಾಕ್ಯದ ಬೇರೆ ಭಾಗಗಳಲ್ಲಿ ನಿಚ್ಚಳವಾದ ತಪ್ಪಿದೆಯೇ ನೋಡಬೇಕು. ಆದರೆ ‘ಫಾರ್ದರ್ ಇನ್ಫರ್ಮೇಷನ್’, ‘ಫಾರ್ದರ್ ಡಿಸ್ಕಷನ್’ ಕಂಡರೆ ಅನುಮಾನವೇ ಬೇಡ. ಅದು ಪರೀಕ್ಷೆಯಲ್ಲಿ ತಪ್ಪೇ.

ನಾಲ್ಕನೆಯ ಹೆಜ್ಜೆ: ಹೋಲಿಕೆಯ ಎರಡು ತುದಿಗಳು ಸರಿಸಮನಾಗಿವೆಯೇ?

ಪದ ಸರಿಯಾಗಿದ್ದೂ ಹೋಲಿಕೆಯೇ ಕೆಟ್ಟಿರುವ ವಾಕ್ಯಗಳು ದೋಷ ಗುರುತಿಸುವ ಪ್ರಶ್ನೆಗಳಲ್ಲಿ ಹೆಚ್ಚು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ.

‘ದಿ ಪಾಪ್ಯುಲೇಷನ್ ಆಫ್ ಬೆಂಗಳೂರು ಈಸ್ ಲಾರ್ಜರ್ ದ್ಯಾನ್ ಮೈಸೂರು’ ಎಂಬ ವಾಕ್ಯ ಕನ್ನಡದ ಕಿವಿಗೆ ಸಹಜವಾಗಿಯೇ ಕೇಳುತ್ತದೆ, ಏಕೆಂದರೆ ನಾವೂ ‘ಬೆಂಗಳೂರಿನ ಜನಸಂಖ್ಯೆ ಮೈಸೂರಿಗಿಂತ ಹೆಚ್ಚು’ ಎನ್ನುತ್ತೇವೆ. ಇಂಗ್ಲಿಷ್ ವ್ಯಾಕರಣದ ದೃಷ್ಟಿಯಲ್ಲಿ ಇದು ಜನಸಂಖ್ಯೆಯನ್ನು ಊರಿನೊಡನೆ ಹೋಲಿಸಿದಂತೆ. ‘ದ್ಯಾನ್ ದ್ಯಾಟ್ ಆಫ್ ಮೈಸೂರು’ ಎಂದು ತಿದ್ದಬೇಕು. ಎಡತುದಿಯ ನಾಮಪದ ಬಹುವಚನವಾಗಿದ್ದರೆ ‘ದ್ಯಾಟ್’ ಬದಲು ‘ದೋಸ್’ ಬರುತ್ತದೆ: ‘ದಿ ರೋಡ್ಸ್ ಆಫ್ ದಿಸ್ ಟೌನ್ ಆರ್ ವೈಡರ್ ದ್ಯಾನ್ ದೋಸ್ ಆಫ್ ಅವರ್ ವಿಲೇಜ್’. ವಾಕ್ಯದ ಎಡತುದಿಯಲ್ಲಿ ‘ಆಫ್’ ಇದ್ದು ಬಲತುದಿಯಲ್ಲಿ ಅದು ಇಲ್ಲದಿದ್ದರೆ ಅಲ್ಲೇ ತಪ್ಪಿರುವ ಸಂಭವ ಹೆಚ್ಚು.

‘ಎನಿ’ ಮತ್ತು ‘ಎನಿ ಅದರ್’ ನಡುವಿನ ಆಯ್ಕೆ ಇದಕ್ಕಿಂತ ತಾರ್ಕಿಕವಾದದ್ದು. ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ. ‘ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ’ ಎಂದರೆ, ಅದೂ ಕರ್ನಾಟಕದ ಶಿಖರವೇ ಆಗಿರುವುದರಿಂದ, ಅದು ತನಗಿಂತ ತಾನೇ ಎತ್ತರ ಎಂದಂತಾಗುತ್ತದೆ. ಆದ್ದರಿಂದ ‘ಎನಿ ಅದರ್ ಪೀಕ್’ ಎಂದು ಅದನ್ನು ಗುಂಪಿನಿಂದ ಹೊರಗೆ ಇಡಬೇಕು. ಅದೇ ಶಿಖರವನ್ನು ಗೋವಾದವುಗಳೊಡನೆ ಹೋಲಿಸುವಾಗ ‘ಹೈಯರ್ ದ್ಯಾನ್ ಎನಿ ಪೀಕ್ ಇನ್ ಗೋವಾ’ ಎಂಬುದೇ ಸರಿ. ಮೊದಲೇ ಹೊರಗಿರುವುದನ್ನು ಮತ್ತೆ ಹೊರಗಿಡಲು ‘ಅದರ್’ ಬೇಕಿಲ್ಲ. ಹೋಲಿಸುವ ವಸ್ತು ಆ ಗುಂಪಿನ ಒಳಗಿದೆಯೋ ಹೊರಗಿದೆಯೋ ಎಂಬ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು. ಸೂಪರ್ಲೇಟಿವ್ ರೂಪದಲ್ಲಿ ಇದು ತಲೆಕೆಳಗಾಗುತ್ತದೆ: ‘ದಿ ಹೈಯೆಸ್ಟ್ ಆಫ್ ಆಲ್ ಪೀಕ್ಸ್’ ಎನ್ನಬೇಕೇ ಹೊರತು ‘ಆಫ್ ಆಲ್ ಅದರ್ ಪೀಕ್ಸ್’ ಎನ್ನಬಾರದು, ಏಕೆಂದರೆ ಅತಿ ಎತ್ತರದ್ದು ಆ ಗುಂಪಿನಲ್ಲಿಯೇ ಒಂದಾಗಿರಬೇಕು.

ಡಿಗ್ರಿ ಬದಲಿಸುವ, ಅಂದರೆ ಒಂದೇ ಮಾತನ್ನು ಪಾಸಿಟಿವ್ (‘ಹೈ’), ಕಂಪ್ಯಾರಿಟಿವ್ (‘ಹೈಯರ್’), ಸೂಪರ್ಲೇಟಿವ್ (‘ಹೈಯೆಸ್ಟ್’) ರೂಪಗಳಲ್ಲಿ ಬದಲಿಸಿ ಬರೆಯುವ ಪ್ರಶ್ನೆಗಳಿಗೂ ಇದೇ ತರ್ಕ ನೆರವಾಗುತ್ತದೆ. ಮುಳ್ಳಯ್ಯನಗಿರಿಯ ಮಾತು ಪಾಸಿಟಿವ್ ರೂಪದಲ್ಲಿ ‘ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ’ ಎಂದಾಗುತ್ತದೆ. ಮೂಲ ವಾಕ್ಯದಲ್ಲಿ ‘ಒನ್ ಆಫ್ ದಿ ಹೈಯೆಸ್ಟ್’ ಎಂದಿದ್ದರೆ ಕಂಪ್ಯಾರಿಟಿವ್ ರೂಪದಲ್ಲಿ ‘ದ್ಯಾನ್ ಮೋಸ್ಟ್ ಅದರ್ ಪೀಕ್ಸ್’ ಬರುತ್ತದೆ. ‘ಎನಿ ಅದರ್’ ಬಂದರೆ ಅರ್ಥ ಬದಲಾಗುತ್ತದೆ.

‘ದ್ಯಾನ್’ ಮುಂದಿನ ಸರ್ವನಾಮ ‘ಐ’ ಆಗಬೇಕೋ ‘ಮಿ’ ಆಗಬೇಕೋ ಎಂಬುದನ್ನು ತಿಳಿಯಲು ಬಿಟ್ಟುಹೋದ ಕ್ರಿಯಾಪದವನ್ನು ತುಂಬಿಕೊಂಡು ಓದಬೇಕು. ‘ಶಿ ಹೆಲ್ಪ್ಸ್ ಯು ಮೋರ್ ದ್ಯಾನ್ ಐ’ ಎಂದರೆ ನಾನು ಸಹಾಯ ಮಾಡುವುದಕ್ಕಿಂತ ಹೆಚ್ಚು. ‘ದ್ಯಾನ್ ಮಿ’ ಎಂದರೆ ಅವಳು ನನಗೆ ಸಹಾಯ ಮಾಡುವುದಕ್ಕಿಂತ ಹೆಚ್ಚು. ‘ಟಾಲರ್ ದ್ಯಾನ್ ಮಿ’ ಎಂಬುದು ಇಂದು ಸರ್ವತ್ರ ಬಳಕೆಯಲ್ಲಿದ್ದರೂ, ‘ದ್ಯಾನ್ ಐ’ ಮತ್ತು ‘ದ್ಯಾನ್ ಮಿ’ ಎರಡೂ ಆಯ್ಕೆಗಳಾಗಿ ಎದುರು ನಿಂತಾಗ ಸಾಂಪ್ರದಾಯಿಕ ಪತ್ರಿಕೆಗಳು ಮೊದಲನೆಯದನ್ನೇ ಬಯಸುತ್ತವೆ.

‘ಲೈಕ್’ ಮತ್ತು ‘ಆ್ಯಸ್’ ಜೋಡಿಯಲ್ಲಿ ಮುಂದೆ ಬರುವುದು ಬರಿಯ ನಾಮಪದವೋ ಕರ್ತೃ–ಕ್ರಿಯಾಪದಗಳುಳ್ಳ ಉಪವಾಕ್ಯವೋ ಎಂದು ನೋಡಬೇಕು: ‘ಸಿಂಗ್ಸ್ ಲೈಕ್ ಹರ್ ಮದರ್’, ‘ಸಿಂಗ್ಸ್ ಆ್ಯಸ್ ಹರ್ ಮದರ್ ಡಿಡ್’. ನಾಮಪದದ ಹಿಂದೆಯೂ ‘ಆ್ಯಸ್’ ಬರಬಹುದು, ಆಗ ಅದು ಹೋಲಿಕೆಯಾಗಿರುವುದಿಲ್ಲ. ‘ಹಿ ವರ್ಕ್ಸ್ ಆ್ಯಸ್ ಎ ಟೀಚರ್’ ಎಂದರೆ ಅವನು ಶಿಕ್ಷಕನೇ.

ಐದನೆಯ ಹೆಜ್ಜೆ: ಹೋಲಿಕೆ ಎರಡು ಸಲ ಆಗಿದೆಯೇ?

‘ಮೋರ್ ಬೆಟರ್’, ‘ಮೋಸ್ಟ್ ಟಾಲೆಸ್ಟ್’ ತಪ್ಪೆಂದು ಎಲ್ಲರಿಗೂ ಗೊತ್ತು. ಕಡಿಮೆ ಗೊತ್ತಿರುವುದು ತೀವ್ರತೆಯ ಪದಗಳ ವಿಷಯ. ಕಂಪ್ಯಾರಿಟಿವ್ ರೂಪದ ಹಿಂದೆ ‘ವೆರಿ’ ಬರುವುದಿಲ್ಲ. ‘ಮಚ್’, ‘ಫಾರ್’, ‘ಈವನ್’ ಬರುತ್ತವೆ. ‘ಮಚ್ ಬೆಟರ್’ ಸರಿ, ‘ವೆರಿ ಬೆಟರ್’ ತಪ್ಪು. ಸೂಪರ್ಲೇಟಿವ್ ರೂಪದ ಜೊತೆ ‘ದಿ ವೆರಿ ಬೆಸ್ಟ್’ ಮತ್ತು ‘ಮಚ್ ದಿ ಬೆಸ್ಟ್’ ಎರಡೂ ಸರಿ, ‘ದಿ’ ಕೂರುವ ಜಾಗ ಮಾತ್ರ ಬೇರೆ. ‘ಯುನೀಕ್’, ‘ಪರ್ಫೆಕ್ಟ್’, ‘ಐಡಿಯಲ್’ ಎಂಬ ವಿಶೇಷಣಗಳಿಗೆ ‘ಮೋರ್’ ಹಚ್ಚಬಾರದೆಂಬ ನಿಯಮವನ್ನು ಬರಹಗಾರರು ಆಗಾಗ ಮೀರುತ್ತಾರೆ, ಪರೀಕ್ಷೆ ಮೀರುವುದಿಲ್ಲ.

ಇದಕ್ಕೆಲ್ಲ ಎದುರಾಗಿ ನಿಲ್ಲುವ ಒಂದು ವಾಕ್ಯಮಾದರಿ ಇದೆ. ಒಬ್ಬನೇ ವ್ಯಕ್ತಿಯ ಎರಡು ಗುಣಗಳನ್ನು ಹೋಲಿಸುವಾಗ ‘ಬ್ರೇವರ್’ ಎಂಬ ರೂಪ ಸಲ್ಲದು. ‘ಹಿ ಈಸ್ ಮೋರ್ ಬ್ರೇವ್ ದ್ಯಾನ್ ವೈಸ್’ ಎನ್ನಬೇಕು. ಚಿಕ್ಕ ವಿಶೇಷಣಕ್ಕೆ ‘ಮೋರ್’ ಹಚ್ಚಿದ್ದು ಕಂಡೊಡನೆ ತಪ್ಪೆಂದು ಗುರುತಿಸುವ ಮುನ್ನ, ‘ದ್ಯಾನ್’ ಮುಂದೆ ಇರುವುದು ಇನ್ನೊಂದು ವಿಶೇಷಣವೇ ಎಂದು ನೋಡಿಕೊಳ್ಳಬೇಕು.

ಹೆಜ್ಜೆಗಳನ್ನು ಒಟ್ಟಿಗೆ ಬಳಸುವ ಬಗೆ

ನಾಲ್ಕು ವಾಕ್ಯಗಳ ಮೇಲೆ ಈ ಕ್ರಮವನ್ನು ಪ್ರಯೋಗಿಸಿ ನೋಡೋಣ.

‘ಆಫ್ ದಿ ಟೂ ಸಿಸ್ಟರ್ಸ್, ಲತಾ ಈಸ್ ಡ್ಯಾಶ್.’ ಆಯ್ಕೆಗಳು: ‘ಎಲ್ಡರ್’, ‘ದಿ ಎಲ್ಡರ್’, ‘ದಿ ಎಲ್ಡೆಸ್ಟ್’, ‘ಓಲ್ಡರ್ ದ್ಯಾನ್’. ಬಲಗಡೆ ಏನೂ ಇಲ್ಲದ್ದರಿಂದ ‘ಓಲ್ಡರ್ ದ್ಯಾನ್’ ಬಿದ್ದುಹೋಗುತ್ತದೆ. ಸಂಖ್ಯೆ ಎರಡಾದ್ದರಿಂದ ‘ಎಲ್ಡೆಸ್ಟ್’ ಹೋಗುತ್ತದೆ. ‘ಆಫ್ ದಿ ಟೂ’ ಇರುವುದರಿಂದ ‘ದಿ’ ಕಡ್ಡಾಯ. ಉತ್ತರ ‘ದಿ ಎಲ್ಡರ್’. ಬಲಗಡೆ ಖಾಲಿ ಇದ್ದಾಗ ವಾಕ್ಯದ ಆರಂಭವನ್ನು ನೋಡಬೇಕೆಂಬುದಕ್ಕೆ ಇದು ಉದಾಹರಣೆ.

‘ದೇರ್ ವರ್ ನೋ ಲೆಸ್ ದ್ಯಾನ್ ಫಿಫ್ಟಿ ಪ್ಯಾಸೆಂಜರ್ಸ್ ಇನ್ ದಿ ಬಸ್.’ ಸಂಖ್ಯೆ ಇದೆ, ಆದರೆ ಪ್ರಯಾಣಿಕರು ಮೊತ್ತವಲ್ಲ, ಬಿಡಿಬಿಡಿಯಾದ ಜನ. ‘ನೋ ಫ್ಯೂಅರ್ ದ್ಯಾನ್’ ಎಂದಾಗಬೇಕು. ಇದೇ ವಾಕ್ಯದಲ್ಲಿ ಟಿಕೆಟಿನ ದರ ಐವತ್ತು ರೂಪಾಯಿಗೆ ಕಡಿಮೆಯಿಲ್ಲ ಎಂದಿದ್ದರೆ ‘ನೋ ಲೆಸ್ ದ್ಯಾನ್’ ಸರಿಯಾಗುತ್ತಿತ್ತು.

‘ಹಿಸ್ ಹ್ಯಾಂಡ್‌ರೈಟಿಂಗ್ ಈಸ್ ಮಚ್ ಬೆಟರ್ ದ್ಯಾನ್ ಹಿಸ್ ಬ್ರದರ್.’ ‘ಮಚ್ ಬೆಟರ್’ ಸರಿ, ‘ದ್ಯಾನ್’ ಕಾಗುಣಿತ ಸರಿ. ತುದಿಗಳನ್ನು ನೋಡಿದರೆ ಎಡಕ್ಕೆ ಕೈಬರಹ, ಬಲಕ್ಕೆ ತಮ್ಮ. ‘ಹಿಸ್ ಬ್ರದರ್ಸ್’ ಎಂದು ಷಷ್ಠಿಯ ಚಿಹ್ನೆ ಸೇರಬೇಕು, ಅಥವಾ ‘ದ್ಯಾಟ್ ಆಫ್ ಹಿಸ್ ಬ್ರದರ್’ ಆಗಬೇಕು. ದೋಷ ಕೊನೆಯ ಭಾಗದಲ್ಲಿದೆ.

‘ಮೈ ಎಲ್ಡರ್ ಬ್ರದರ್, ಹೂ ಈಸ್ ಸೀನಿಯರ್ ಟು ಯು ಇನ್ ಸರ್ವಿಸ್, ಈಸ್ ಓಲ್ಡರ್ ದ್ಯಾನ್ ಎನಿ ಅದರ್ ಕ್ಲರ್ಕ್ ಇನ್ ದಿಸ್ ಆಫೀಸ್.’ ಇಷ್ಟು ಬಲೆಗಳು ಒಟ್ಟಿಗೆ ಕಂಡಾಗ ಒಂದಾದರೂ ತಪ್ಪಿರಲೇಬೇಕು ಎನಿಸುತ್ತದೆ. ‘ಎಲ್ಡರ್’ ನಾಮಪದಕ್ಕೆ ಅಂಟಿದೆ. ‘ಸೀನಿಯರ್’ ಮುಂದೆ ‘ಟು’ ಇದೆ. ‘ಓಲ್ಡರ್’ ಮುಂದೆ ‘ದ್ಯಾನ್’ ಇದೆ. ಅಣ್ಣ ಅದೇ ಕಚೇರಿಯ ಗುಮಾಸ್ತನಾಗಿರುವುದರಿಂದ ‘ಎನಿ ಅದರ್’ ಸರಿ. ಎಲ್ಲ ಹೆಜ್ಜೆಗಳೂ ಮುಗಿದ ಮೇಲೆ ದೋಷ ಸಿಗದಿದ್ದರೆ ‘ನೋ ಎರರ್’ ಎಂದು ಗುರುತಿಸಿ ಮುಂದಿನ ಪ್ರಶ್ನೆಗೆ ಹೋಗಬೇಕು.